ಮೇಲಿನ ಪಟ್ಟಣ–ಕೆಳಗಿನ ಪಟ್ಟಣ ವಿಮಾನದಲ್ಲಿ ಹದಿನೈದು ನಿಮಿಷ ಕಾಣೆಯಾಗಿರುವ ಬಗ್ಗೆ

ಸಂಖ್ಯೆ: ದೂರ/ಉತ್ತರ/ಕಾಣೆ/೧೫
ದಿನ: ಸೋಮವಾರ

ಉಲ್ಲೇಖ: ೧) ಮೇಲಿನ ಪಟ್ಟಣದ ವಿಮಾನ ನಿಲ್ದಾಣದ ಹಮಾಲರ ರಜೆ ಅರ್ಜಿ.
೨) ಸದರಿಯವರದೇ ಎರಡನೇ ಅರ್ಜಿ, ತುಸು ಏರುದನಿಯದು.

ಉತ್ತರದ ತುದಿಯ ಈ ಎರಡು ಪಟ್ಟಣಗಳ ನಡುವಿನ ದೂರ ೨೪೦ ಕಿ.ಮೀ. ವಿಮಾನವು ಹೋಗಲು ೫೫ ನಿಮಿಷ, ಮರಳಲು ೪೦ ನಿಮಿಷ ತೆಗೆದುಕೊಳ್ಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಒಂದೇ ದೂರಕ್ಕೆ ಎರಡು ಅವಧಿ ಇರುವಂತಿಲ್ಲ. ಆದ್ದರಿಂದ ಎಲ್ಲ ನೌಕರರಿಗೆ ತಿಳಿಯಪಡಿಸುವುದೇನೆಂದರೆ:

೧. ಹೋದ ನಿಮಿಷ, ಬಂದ ನಿಮಿಷ ತಾಳೆಯಾಗುವವರೆಗೆ ಈ ಮಾರ್ಗದಲ್ಲಿ ಯಾರಿಗೂ ಪ್ರಯಾಣ ರಜೆ ಮಂಜೂರು ಮಾಡತಕ್ಕದ್ದಲ್ಲ.

೨. ಹಮಾಲರು ಎರಡನೇ ಅರ್ಜಿಯಲ್ಲಿ, "ಸಾರ್, ಎದುರುಗಾಳಿ ಇದ್ರೆ ನಿಧಾನ ಆಗುತ್ತೆ, ಸೈಕಲ್ ತುಳಿದೋನಿಗೂ ಗೊತ್ತು. ನಮ್ಮಮ್ಮ ಕೆಳಗಿನ ಪಟ್ಟಣದ ಆಸ್ಪತ್ರೇಲಿ ಮಲಗಿದಾಳೆ. ಗುರುವಾರ ಆಪರೇಷನ್, ನಾನು ಸೈನ್ ಹಾಕ್ದೆ ಕತ್ತರಿ ಮುಟ್ಟಲ್ಲ ಅಂತಾರೆ. ನಿಮ್ಮ ಹದಿನೈದು ನಿಮಿಷ ನಾನೇನು ಜೇಬಲ್ಲಿ ಇಟ್ಕೊಂಡಿದೀನಾ?" ಎಂದು ಬರೆದಿರುತ್ತಾರೆ.

೩. ಅದರಂತೆ ಸದರಿಯವರ ಜೇಬುಗಳನ್ನು ಶೋಧಿಸಲಾಯಿತು. ಒಂದು ಹಲ್ಲುಮುರಿದ ಬಾಚಣಿಗೆ, ಆಸ್ಪತ್ರೆಯ ಚೀಟಿ ಸಿಕ್ಕಿದ್ದು, ಯಾವುದೇ ನಿಮಿಷ ಪತ್ತೆಯಾಗಿರುವುದಿಲ್ಲ.

೪. ಗಾಳಿಗೆ ಮೂರು ಬಾರಿ ನೋಟಿಸ್ ಜಾರಿ ಮಾಡಲಾಗಿದೆ. ಮೂರನ್ನೂ ಎತ್ತಿಕೊಂಡು ಹೋಗಿರುವ ಗಾಳಿಯು ಈವರೆಗೆ ಸಮಜಾಯಿಷಿ ನೀಡಿಲ್ಲ. ಅದು ಇಲಾಖೆಯ ನೌಕರನಲ್ಲವಾದ್ದರಿಂದ ಅಮಾನತು ಮಾಡಲು ಬರುವುದಿಲ್ಲ.

೫. ಇನ್ನು ಮುಂದೆ ಪೈಲಟ್‌ರವರು ಮರಳುವಾಗ ಹದಿನೈದು ನಿಮಿಷ ಆಕಾಶದಲ್ಲೇ ನಿಂತು, ನಂತರ ಇಳಿಯತಕ್ಕದ್ದು. ಸುತ್ತು ಹೊಡೆದಲ್ಲಿ ದೂರ ಹೆಚ್ಚಾಗುವುದರಿಂದ ಸುತ್ತು ಹೊಡೆಯತಕ್ಕದ್ದಲ್ಲ.

೬. ಸುತ್ತುಬಳಸಿನ ರಸ್ತೆ ಮಾರ್ಗವಾಗಿ ಹತ್ತೊಂಬತ್ತು ಗಂಟೆಯಲ್ಲಿ ತಲುಪಬಹುದೆಂದು ಕೆಲವರು ಹೇಳುತ್ತಿದ್ದಾರೆ. ಕಚೇರಿಯ ಗೋಡೆಯ ನಕ್ಷೆಯಲ್ಲಿ ಸದರಿ ಜಾಗಕ್ಕೆ ಬೀರು ಅಡ್ಡ ಇದೆ. ಬೀರು ಸರಿಸಲು ಇಬ್ಬರು ಬೇಕು, ಹುದ್ದೆ ಒಂದೇ ಇದೆ. ಆದ್ದರಿಂದ ರಸ್ತೆ ಇರುವುದಿಲ್ಲ.

೭. ವಿಮಾನವಿರುವುದು ಬುಧವಾರ ಮಾತ್ರ. ನಿಮಿಷ ಶೋಧನಾ ಸಮಿತಿ ಸೇರುವುದು ಶುಕ್ರವಾರ, ಅದೂ ಅಧ್ಯಕ್ಷರಿಗೆ ನೆಗಡಿ ಬಿಟ್ಟರೆ. ಅಲ್ಲಿಯವರೆಗೆ ತಾಯಿಯವರ ಕಾಯಿಲೆಯನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಂಡು ಬರುವಂತೆ ಆಸ್ಪತ್ರೆಗೆ ಈ ಮೂಲಕ ಸೂಚಿಸಲಾಗಿದೆ. ತಪ್ಪಿದಲ್ಲಿ ತಾಯಿಯವರನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.

(ಸಹಿ ಇದೆ, ಓದಲು ಬರುವುದಿಲ್ಲ)
ಉಪ ನಿರ್ದೇಶಕರು (ದೂರ)
ನಿರ್ದೇಶಕರ ಪರವಾಗಿ, ನಿರ್ದೇಶಕರು ಪ್ರವಾಸದಲ್ಲಿದ್ದಾರೆ

ಪ್ರತಿಗಳು:
೧. ಪೈಲಟ್‌ರವರಿಗೆ, ಪಾಲನೆಗಾಗಿ.
೨. ಗಾಳಿಗೆ, ಕಚೇರಿಯ ಕಿಟಕಿಯ ಮೂಲಕ.
೩. ಹಮಾಲರಿಗೆ, ತೆಪ್ಪಗಿರಲು.
೪. ತಾಯಿಯವರಿಗೆ, ಹಾಸಿಗೆ ಸಂಖ್ಯೆ ಆರು, ಕೆಳಗಿನ ಪಟ್ಟಣದ ಆಸ್ಪತ್ರೆ: ಬುಧವಾರದ ವಿಮಾನದಲ್ಲಿ. ಕಾಗದಕ್ಕೆ ರಜೆಯ ಅಗತ್ಯವಿರುವುದಿಲ್ಲ. ಟಪಾಲು ಚೀಲವನ್ನು ಸದರಿ ಹಮಾಲರೇ ವಿಮಾನಕ್ಕೆ ಏರಿಸಿ, ತಾವು ಕೆಳಗಿಳಿಯತಕ್ಕದ್ದು.