ಕುಂಕುಮ ತಗುಲಿದ ಸ್ಕ್ಯಾನರ್ ಕುರಿತು

ಬೇಸ್‌ಮೆಂಟ್ ಆಡಳಿತ ಇಲಾಖೆ
ವುಡ್‌ರಿಡ್ಜ್, ಇಲಿನಾಯ್

ಸಂಖ್ಯೆ: ಬೇಆಇ/ಹಳೇಯಂತ್ರ/ಸ್ಕ್ಯಾ/11/2025
ದಿನಾಂಕ: 14-11-2025

ವಿಷಯ: ಹಳೆಯ ರೇಡಿಯೊ ಸ್ಕ್ಯಾನರಿಗೆ ಚಾನೆಲ್ ತುಂಬುವ ಸಾಫ್ಟ್‌ವೇರಿನ ಹುಡುಕಾಟವನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: 1) ಆಯುಧಪೂಜೆಯ ದಿನದ ಘಟನೆ. 2) ಶ್ರೀ ದ್ವಾರಕಾನಾಥರ ಮೌಖಿಕ ಗೊಣಗಾಟ, ದಿನವಹಿ.

ಪ್ರಸ್ತಾವನೆ:

ನಿವೃತ್ತ ಎಂಜಿನಿಯರ್ ಶ್ರೀ ದ್ವಾರಕಾನಾಥರು (ಇನ್ನು ಮುಂದೆ 'ಸದರಿಯವರು') ಪೊಲೀಸ್, ರೈಲು ಮುಂತಾದವರ ರೇಡಿಯೊ ಮಾತುಕತೆ ಕೇಳಿಸುವ ತಮ್ಮ ಇಪ್ಪತ್ತೆರಡು ವರ್ಷ ಹಳೆಯ ಸ್ಕ್ಯಾನರಿಗೂ ಆಯುಧಪೂಜೆಯಂದು ವಿಶ್ರಾಂತಿ ಸಲ್ಲಬೇಕೆಂದು ಬ್ಯಾಟರಿ ಕಳಚಿ, ಮಿಕ್ಸಿಯ ಪಕ್ಕ ಕೂರಿಸಿ, ಒದ್ದೆ ಕುಂಕುಮವನ್ನು ಧಾರಾಳವಾಗಿ ಹಚ್ಚಿರುತ್ತಾರೆ. ಬ್ಯಾಟರಿ ಇಲ್ಲದೆ ಚಾನೆಲ್‌ಗಳೆಲ್ಲ ಅಳಿದುಹೋಗಿವೆ. ಕುಂಕುಮ ಇಳಿದು ಅಂಕಿಯ ಬಟನ್‌ಗಳು ಕಚ್ಚಿಕೊಂಡಿವೆ. ಕೈಯಿಂದ ತುಂಬಲಾಗದ ಕಾರಣ ಕೇಬಲ್ ಜೋಡಿಸಿ ಕಂಪ್ಯೂಟರಿನಿಂದಲೇ ತುಂಬಬೇಕಾಗಿದ್ದು, ಅದರ ಸಾಫ್ಟ್‌ವೇರ್ ಆರು ವಾರವಾದರೂ ಸಿಕ್ಕಿರುವುದಿಲ್ಲ. ಆದ್ದರಿಂದ ಈ ಕೆಳಗಿನಂತೆ ಆದೇಶಿಸಿದೆ:

1. ಇಂಟರ್ನೆಟ್ ಚರ್ಚಾವೇದಿಕೆಯೊಂದರಲ್ಲಿ ಅನಾಮಧೇಯರೊಬ್ಬರು 2009ರಲ್ಲಿ ಇದೇ ಪ್ರಶ್ನೆ ಕೇಳಿ, ಮರುದಿನ 'ಸರಿಹೋಯಿತು, ಧನ್ಯವಾದ' ಎಂದು ಬರೆದು, ಹೇಗೆಂದು ತಿಳಿಸದೆ ನಿರ್ಗಮಿಸಿರುತ್ತಾರೆ. ಸದರಿಯವರು ಅವರನ್ನು ಶಪಿಸುವುದನ್ನು ದಿನಕ್ಕೆ ಎರಡು ಬಾರಿಗೆ, ಅದೂ ಊಟದ ನಂತರಕ್ಕೆ ಸೀಮಿತಗೊಳಿಸಲಾಗಿದೆ.

2. ಸ್ಕ್ಯಾನರ್ ಕಂಪನಿಯ ಸಹಾಯವಾಣಿಯ ಸಿಬ್ಬಂದಿ ಹೊಸ ಮಾಡೆಲ್ ಕೊಳ್ಳಲು ಸೂಚಿಸಿದಾಗ, ಅವರ ವಯಸ್ಸನ್ನೂ ಸ್ಕ್ಯಾನರಿನ ವಯಸ್ಸನ್ನೂ ಹೋಲಿಸಿ ಮಾತನಾಡುವುದನ್ನು ನಿಷೇಧಿಸಿದೆ.

3. ಸ್ಟರ್ಲಿಂಗ್ ಹೈಟ್ಸ್‌ನ ಮಿತ್ರ ಶ್ರೀ ಶ್ರೀಧರ್ ಬಳಿ ಆ ಕಾಲದ ಲ್ಯಾಪ್‌ಟಾಪ್ ಇದೆಯೆಂದು ಸದರಿಯವರು ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿ ತಂದಿರುತ್ತಾರೆ. ಸಾಫ್ಟ್‌ವೇರಿನ ಸಿ.ಡಿ. ಮಾತ್ರ ಅಲ್ಲಿಯೇ ಉಳಿದಿರುತ್ತದೆ. ಅದನ್ನು ಕಳಿಸುವುದಾಗಿ ಹೇಳಿದ ಶ್ರೀಧರ್ ಅವರು ಈಗ ಹುಡುಕುತ್ತಿದ್ದಾರೆ.

4. ಲ್ಯಾಪ್‌ಟಾಪ್ ಆನ್ ಆಗಲು ನಲವತ್ತು ನಿಮಿಷ ಬೇಕಾಗಿರುವುದರಿಂದ ಅದನ್ನು ಆಫ್ ಮಾಡತಕ್ಕದ್ದಲ್ಲ. ಅದಕ್ಕೆ ಅತಿಥಿಗಳ ಮಂಚವನ್ನು ಮಂಜೂರು ಮಾಡಲಾಗಿದೆ. ಅತಿಥಿಗಳು ಸೋಫಾದ ಮೇಲೆ ಮಲಗತಕ್ಕದ್ದು ಮತ್ತು ಲ್ಯಾಪ್‌ಟಾಪಿನ ಫ್ಯಾನಿನ ಸದ್ದಿಗೆ ಹೊಂದಿಕೊಳ್ಳತಕ್ಕದ್ದು.

5. ಹುಡುಕಾಟದ ನಿಜವಾದ ಉದ್ದೇಶವನ್ನು ಕಡತದಲ್ಲಿ ದಾಖಲಿಸುವುದು ಅಗತ್ಯವಾಗಿದೆ. ಮಗಳು ಇಂಚರ ಪಕ್ಕದೂರು ಲಿಸ್ಲ್‌ನ ಐ.ಟಿ. ಕೆಲಸ ಬಿಟ್ಟು ರೈಲಿನಲ್ಲಿ ಕಂಡಕ್ಟರ್ ಆದಾಗ ಸದರಿಯವರು, "ಇಷ್ಟೆಲ್ಲಾ ಓದಿ ಬಾಗ್ಲು ಹಾಕೋ ಕೆಲ್ಸನಾ? ಜನಕ್ಕೆ ಏನಂತ ಹೇಳ್ಲಿ ನಾನು?" ಎಂದಿರುತ್ತಾರೆ. ಅಂದಿನಿಂದ ಹದಿನಾಲ್ಕು ತಿಂಗಳು ತಂದೆ ಮಗಳ ನಡುವೆ ಮಾತಿಲ್ಲ. ಆದರೆ ಪ್ರತಿ ಸಂಜೆ 5.52ಕ್ಕೆ ಶಿಕಾಗೊದಿಂದ ಬರುವ ಆಕೆಯ ರೈಲು ಲಿಸ್ಲ್ ನಿಲ್ದಾಣ ಬಿಡುವಾಗ ಆಕೆ ಡ್ರೈವರಿಗೆ ರೇಡಿಯೊದಲ್ಲಿ "ಡೋರ್ಸ್ ಕ್ಲೋಸ್ಡ್, ರೆಡಿ ಟು ಗೋ" ಎನ್ನುವುದು ಈ ಸ್ಕ್ಯಾನರಿನಲ್ಲಿ ಕೇಳಿಬರುತ್ತಿತ್ತು. ನಾಲ್ಕು ಸೆಕೆಂಡು. ಸದರಿಯವರಿಗೆ ಮಗಳ ಧ್ವನಿಯೆಂದು ಉಳಿದಿದ್ದು ಅಷ್ಟೇ. ಇದನ್ನು ಅವರು 'ರೈಲ್ವೆ ಅಧ್ಯಯನ' ಎಂದು ವರದಿ ಮಾಡುತ್ತ ಬಂದಿದ್ದು, ಇಲಾಖೆಯು ನಂಬಿದಂತೆ ನಟಿಸುತ್ತ ಬಂದಿದೆ. ಈಗ 5.52ಕ್ಕೆ ಅವರು ಸದ್ದಿಲ್ಲದ ಯಂತ್ರದ ಮುಂದೆ ಕೂರುವುದನ್ನು ನೋಡಿ ಇಲಾಖೆಗೆ ತೀವ್ರ ಸಂಕಟವಾಗಿರುತ್ತದೆ.

6. ಈ ವಿಷಯವನ್ನು ದೂರವಾಣಿ ಮೂಲಕ ಇಂಚರಳ ಗಮನಕ್ಕೆ ತರಲಾಯಿತು. ಆಕೆ, "ಅಮ್ಮ, ದಟ್ ಥಿಂಗ್ ಓನ್ಲಿ ಲಿಸನ್ಸ್. ಟೆಲ್ ಹಿಮ್ ಟು ಟಾಕ್" ಎಂದಿರುತ್ತಾಳೆ. ಈ ತಾಂತ್ರಿಕ ಅಭಿಪ್ರಾಯವನ್ನು ಇಲಾಖೆ ಪೂರ್ಣವಾಗಿ ಅಂಗೀಕರಿಸಿದೆ.

7. ಆದಕಾರಣ ಬರುವ ಸೋಮವಾರ ಸದರಿಯವರು ಮಧ್ಯಾಹ್ನವೇ ಶಿಕಾಗೊ ತಲುಪಿ, ಸಂಜೆ ಆಕೆಯ ರೈಲಿನಲ್ಲಿಯೇ ಹಿಂದಿರುಗತಕ್ಕದ್ದು. ಕಂಡಕ್ಟರ್ ಬಂದಾಗ ನಿದ್ದೆ ನಟಿಸುವುದನ್ನು ನಿಷೇಧಿಸಿದೆ. ಮೊದಲ ಮಾತು ಸದರಿಯವರದೇ ಆಗಿರತಕ್ಕದ್ದು. ಅದು ಚಳಿ ಎಷ್ಟು ಡಿಗ್ರಿ ಎಂಬುದರ ಬಗ್ಗೆ ಇರತಕ್ಕದ್ದಲ್ಲ. 'ತಪ್ಪಾಯಿತು' ಎಂಬ ಪದದ ಬಳಕೆಗೆ ಈ ಆದೇಶದಲ್ಲಿಯೇ ಮುಂಗಡ ಮಂಜೂರಾತಿ ನೀಡಲಾಗಿದೆ.

ಸಹಿ/-
ಅಂಬುಜಾ
ಬೇಸ್‌ಮೆಂಟ್ ಆಡಳಿತಾಧಿಕಾರಿ ಹಾಗೂ ಪತ್ನಿ

ಪ್ರತಿಗಳು:
1. ಶ್ರೀ ಶ್ರೀಧರ್, ಸ್ಟರ್ಲಿಂಗ್ ಹೈಟ್ಸ್: ಸಿ.ಡಿ. ಸಿಕ್ಕಿದರೂ ಸೋಮವಾರದವರೆಗೆ ತಿಳಿಸದಿರುವಂತೆ ಕೋರಿ.
2. 2009ರ ಅನಾಮಧೇಯರಿಗೆ: ವಿಳಾಸ ದೊರೆತಲ್ಲಿ.
3. ಕುಮಾರಿ ಇಂಚರ, ಕಂಡಕ್ಟರ್: ಮಾಹಿತಿಗಾಗಿ. ಹಿರಿಯ ನಾಗರಿಕರ ರಿಯಾಯಿತಿಗಿಂತ ಹೆಚ್ಚಿನದೇನನ್ನೂ ತಕ್ಷಣ ನೀಡಬೇಕಾಗಿಲ್ಲ.
4. ಸದರಿಯವರಿಗೆ: ಸೂಕ್ತ ಕ್ರಮಕ್ಕಾಗಿ. ನೀಲಿ ಶರ್ಟನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಲಾಗಿದೆ.