ನನ್ನ ಹಿತೈಷಿಯನ್ನು ನನ್ನಿಂದಲೇ ಮುಚ್ಚಿಟ್ಟ ಉಡುಗೊರೆ ಪಟ್ಟಿಗೆ

ಮಾರ್ಚ್ ೧೯, ಗುರುವಾರ, ಬೆಳಗ್ಗೆ ಹತ್ತೂಕಾಲು. ಕನ್ನಡಕದ ಅಂಗಡಿ, ಗಿರಾಕಿಗಳಿಲ್ಲ. ಹುಟ್ಟುಹಬ್ಬ ಕಳೆದು ಹನ್ನೊಂದು ದಿನ. ಬಂದ ಉಡುಗೊರೆ: ಕಾಲೊರೆಸುವ ಮ್ಯಾಟು, ಒಂಬತ್ತು.

ಮಾನ್ಯ ಉಡುಗೊರೆ ಪಟ್ಟಿ ಆ್ಯಪ್‌ನವರೇ,

ತಾವು ಒಬ್ಬರೋ, ಹಲವರೋ, ಅಥವಾ ಯಾರೂ ಅಲ್ಲವೋ ತಿಳಿಯದ ಕಾರಣ ಒಂದೇ ದೊಡ್ಡ ನಮಸ್ಕಾರವನ್ನು ಇಲ್ಲಿ ಇಟ್ಟಿದ್ದೇನೆ. ಇರುವಷ್ಟು ಜನ ಹಂಚಿಕೊಳ್ಳಬೇಕಾಗಿ ಕೋರುತ್ತೇನೆ. ತಾವು ಕ್ಷೇಮವಾಗಿದ್ದೀರೆಂಬುದು ದಿನಾ ಬೆಳಗ್ಗೆ ಏಳಕ್ಕೆ ತಪ್ಪದೆ ಬರುವ ತಮ್ಮ ಸಂದೇಶಗಳಿಂದ ತಿಳಿಯುತ್ತಿದೆ.

ನಾನು ಕನ್ನಡಕಗಳಿಗೆ ಗಾಜು ಕೂರಿಸುವವನು. ಮಾತು ಕಡಿಮೆ, ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳ ಓದು ಜಾಸ್ತಿ. ಬೇಕಾದ್ದನ್ನು ಕೇಳುವ ಅಭ್ಯಾಸವಿಲ್ಲದ್ದರಿಂದ ಹಿಂದಿನ ನಾಲ್ಕು ಹುಟ್ಟುಹಬ್ಬಗಳಿಗೆ ನಾಲ್ಕು ಬೂದು ಸ್ವೆಟರುಗಳು ಬಂದವು, ನಾನು ನಾಲ್ಕು ಸಲವೂ ‘ತುಂಬಾ ಚೆನ್ನಾಗಿದೆ’ ಎಂದೆ. ಈ ವರ್ಷ ನನ್ನ ಹೆಂಡತಿ, “ಏನು ಬೇಕು ಅಂತ ಬಾಯಿ ಬಿಡಲ್ಲ, ಕೊಟ್ಟಿದ್ದಕ್ಕೆ ಮುಖ ಸಣ್ಣ ಮಾಡ್ಕೋತೀರಿ, ನಿಮ್ಮ ಮನಸ್ಸಿನೊಳಗೆ ಟಾರ್ಚ್ ಬಿಟ್ಕೊಂಡು ನೋಡ್ಲಾ?” ಎಂದು ಗದರಿ, ತಮ್ಮನ್ನು ನನ್ನ ಫೋನಿನೊಳಕ್ಕೆ ಇಳಿಸಿದಳು.

ತಮ್ಮ ಆಜ್ಞೆಯಂತೆ ಏಳು ವಸ್ತುಗಳ ಪಟ್ಟಿ ಮಾಡಿದೆ. ಮೊದಲನೆಯದು ಒಂದು ಕಾದಂಬರಿಯ ಮೂರನೆಯ ಸಂಪುಟ. ಎರಡನೆಯ ಸಂಪುಟದ ಕೊನೆಯ ವಾಕ್ಯದಲ್ಲಿ, ದೋಣಿಕಟ್ಟೆಯಲ್ಲಿ ಟಿಕೆಟ್ ಮಾರುವ ಹೆಂಗಸೊಬ್ಬಳು, ನದಿಪಾಲಾದನೆಂದು ಊರೇ ನಂಬಿದ್ದ ತನ್ನ ಗಂಡನ ಕೊಡೆಯನ್ನು ಅಪರಿಚಿತನೊಬ್ಬನ ಕೈಯಲ್ಲಿ ಕಂಡು ಮಾತಾಡಲೆಂದು ಬಾಯಿ ತೆರೆಯುತ್ತಾಳೆ. ಅನುವಾದಕರು ಅಲ್ಲಿಗೆ ನಿಲ್ಲಿಸಿ ಮೂರನೆಯದಕ್ಕೆ ಹದಿನಾಲ್ಕು ತಿಂಗಳು ತೆಗೆದುಕೊಂಡರು. ಅಷ್ಟೂ ಕಾಲ ಆಕೆ ಬಾಯಿ ತೆರೆದೇ ನಿಂತಿದ್ದಾಳೆ. ಓದುವ ದೀಪ, ಚಹಾದ ಫ್ಲಾಸ್ಕು ಮುಂತಾದ ಇನ್ನೈದನ್ನು ಪಟ್ಟಿ ಬಡವಾಗಿ ಕಾಣದಿರಲೆಂದು ಸೇರಿಸಿದೆ. ಏಳನೆಯದಾಗಿ ಬಚ್ಚಲುಮನೆಯ ಬಾಗಿಲಿಗೆ ಒಂದು ಮ್ಯಾಟನ್ನು ನನ್ನ ಹೆಂಡತಿ ಸೇರಿಸಿದಳು. ‘ಎಷ್ಟು ಬೇಕು’ ಎಂಬ ಜಾಗವನ್ನು ಅವಳು ಖಾಲಿ ಬಿಟ್ಟಳು. ಖಾಲಿ ಎಂದರೆ ಅನಂತ ಎಂದು ತಾವು ತಿಳಿದಿರಿ. ಇಷ್ಟು ವಿಶಾಲವಾದ ಮನಸ್ಸು ಒಂದು ಫೋನಿನೊಳಗೆ ಹಿಡಿಸಿದ್ದೇ ಆಶ್ಚರ್ಯ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಕನ್ನಡಕವನ್ನು ಗಿರಾಕಿಗೆ ಕೊಡುವ ಮುಂಚೆ ಒಮ್ಮೆ ನಾವೇ ಅದರೊಳಗಿಂದ ನೋಡುತ್ತೇವೆ. ಅದೇ ಚಟದಿಂದ, ಪಟ್ಟಿಯನ್ನು ನೆಂಟರಿಗೆ ಕಳಿಸುವ ಮೊದಲು, ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ‘ಹೆಸರು ಹೇಳಬಯಸದ ಹಿತೈಷಿ’ ಎಂಬ ಬಾಗಿಲಿನಿಂದ ನನ್ನದೇ ಫೋನ್ ನಂಬರು ಕೊಟ್ಟು ಒಳಹೊಕ್ಕು, ‘ಇದನ್ನು ನಾನು ಕೊಡುತ್ತೇನೆ’ ಎಂಬ ಗುಂಡಿ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದೆ. ಆರೂ ಕೆಲಸ ಮಾಡಿದವು. ಏಳನೆಯದರ ಹೊತ್ತಿಗೆ ಮೂಗಿನ ಮೇಲೆ ಕನ್ನಡಕ ನಿಲ್ಲದ ಗಿರಾಕಿಯೊಬ್ಬರು ಬಂದರು. ಪರೀಕ್ಷೆಯನ್ನು ಪರೀಕ್ಷೆಯೆಂದು ತಾವು ಅರಿಯುವಿರೆಂದು ನಂಬಿದ್ದು ನನ್ನ ಅಜ್ಞಾನ.

ಯಾರು ಏನು ಕೊಡುತ್ತಾರೆಂಬುದನ್ನು ಹುಟ್ಟುಹಬ್ಬದವನಿಗೆ, ತಮ್ಮ ಭಾಷೆಯಲ್ಲಿ ‘ಹುಟ್ಟಿದವನಿಗೆ’, ತಿಳಿಸದಿರುವುದು ತಮ್ಮ ಧರ್ಮ. ಆದ್ದರಿಂದ ‘ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ, ಉಡುಗೊರೆಗಳು ದಾರಿಯಲ್ಲಿವೆ’ ಎಂಬ ತಮ್ಮ ಸಂದೇಶಗಳನ್ನು ಓದುತ್ತ ನಾನು ಆನಂದವಾಗಿದ್ದೆ. ಎಂಟನೆಯ ತಾರೀಕು ಭಾನುವಾರ ಬಂಧುಗಳು ಒಬ್ಬೊಬ್ಬರಾಗಿ ಬಂದು, ಸುರುಳಿ ಸುತ್ತಿದ ಒಂದೊಂದು ಪೊಟ್ಟಣವನ್ನು ಕೈಗಿತ್ತರು. ಐದನೆಯದನ್ನು ಬಿಚ್ಚಿದಾಗ ಚಿಕ್ಕಪ್ಪ, “ಉಳಿದಿದ್ದನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಹಿಡ್ಕೊಂಡಿದಾರಲ್ಲಪ್ಪ, ನಮಗೆ ಉಳಿದಿದ್ದು ನಿನ್ನ ಕಾಲು ಮಾತ್ರ!” ಎಂದರು. ಆ ಪುಣ್ಯಾತ್ಮ ನಾನೇ ಎಂದು ಆಗ ನನಗೆ ತಿಳಿಯಿತು.

ಆ ರಾತ್ರಿಯೇ ತಮಗೆ ಬರೆದೆ. ಕಾಯ್ದಿರಿಸಿದ್ದನ್ನು ಹಿತೈಷಿಯೇ ಬಿಟ್ಟುಕೊಡಬೇಕೆಂದು ತಾವು ಉತ್ತರಿಸಿದಿರಿ. ಹಿತೈಷಿ ನಾನೇ ಎಂದೆ. ಹಿತೈಷಿಯ ಹೆಸರನ್ನು ಹುಟ್ಟಿದವರಿಗೆ ಹೇಳಲಾಗದೆಂದೂ, ಊಹಿಸುವ ನನ್ನ ಕಾತರ ಸಹಜವೆಂದೂ ಸಂತೈಸಿದಿರಿ. ಹಿತೈಷಿಯ ನಂಬರಿಗೆ ಒಟಿಪಿ ಎಂಬ ಗುಟ್ಟಿನ ಅಂಕಿ ಕಳಿಸಿರೆಂದರೆ, ಆ ನಂಬರು ಹುಟ್ಟಿದವರದೇ ಆದ್ದರಿಂದ ಅಚ್ಚರಿ ಕೆಡುತ್ತದೆ ಎಂದಿರಿ. ನನ್ನಿಂದ ನನ್ನನ್ನು ಇಷ್ಟು ಎಚ್ಚರದಿಂದ ಕಾಪಾಡಿದವರು ಇದುವರೆಗೆ ಯಾರೂ ಇರಲಿಲ್ಲ. ಒಂದೇ ಪ್ರಾರ್ಥನೆ: ಯಾವುದಾದರೂ ಒಂದು ದಿನ, ತಮಗೆ ಅನುಕೂಲವಾದ ವೇಳೆಯಲ್ಲಿ, ಹತ್ತು ನಿಮಿಷದ ಮಟ್ಟಿಗೆ ನಾನು ಹುಟ್ಟಿಯೇ ಇಲ್ಲವೆಂದು ಪರಿಗಣಿಸಬೇಕು. ಗುಂಡಿ ಒತ್ತಿದ ಕೂಡಲೇ ವಾಪಸು ಹುಟ್ಟಿಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ. ಆ ಭಾನುವಾರ ಮ್ಯಾಟು ಹಿಡಿಯದೆ ಬಂದದ್ದು ನನ್ನ ಅಕ್ಕ ಮತ್ತು ಭಾವ ಮಾತ್ರ. ಭಾವ ಯಾರ ಮನೆಗೂ ಕೈಯಲ್ಲಿ ಏನನ್ನೂ ಹಿಡಿದು ಹೋದವರಲ್ಲ. ಅಕ್ಕ ಇಪ್ಪತ್ತೆರಡು ವರ್ಷಗಳಿಂದ ಅದಕ್ಕೆ ಗಂಡನ ಬೆನ್ನಹಿಂದೆ ನಿಂತು ತಲೆ ತಗ್ಗಿಸುತ್ತ ಬಂದವಳು. ಆದರೆ ಅಂದು ಚಿಕ್ಕಪ್ಪ ಬೆರಳು ಮಡಚಿ ಲೆಕ್ಕ ಹಾಕಿ, ಮ್ಯಾಟು ತರದವರೇ ಆ ಆರನ್ನು ಹಿಡಿದವರು ಎಂದು ತೀರ್ಪು ಕೊಟ್ಟಾಗ, ಭಾವ ಸುಮ್ಮನೆ ಮುಗುಳ್ನಕ್ಕು, “ಎಲ್ಲಾನೂ ಕೈಯಲ್ಲೇ ಹಿಡ್ಕೊಂಡು ಬರ್ಬೇಕಾ?” ಎಂದರು. ಸುಳ್ಳು ಹೇಳಲಿಲ್ಲ, ಅವರು ಒಂದು ಸುಳ್ಳನ್ನೂ ಪುಕ್ಕಟೆಯಾಗಿ ಕೊಡುವವರಲ್ಲ. ಅವರಿಗೆ ಗಾಳಿ ಬರುವ ಕಡೆಯ ಕುರ್ಚಿ ಬಂತು, ಕೇಕಿನ ಎರಡನೆಯ ತುಂಡು ಬಂತು.

ಮರುದಿನ ಅಕ್ಕ ಫೋನ್ ಮಾಡಿದಳು. “ನಿಮ್ಮ ಭಾವ ಒಳ್ಳೇವ್ರು ಕಣೋ, ತೋರಿಸ್ಕೊಳ್ಳಲ್ಲ ಅಷ್ಟೇ. ನಾನೇ ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ” ಎಂದು ಹೇಳುವಾಗ ಅವಳ ದನಿ ಮದುವೆಗೆ ಮುಂಚಿನದಾಗಿತ್ತು. ನಾನು ‘ಹೂಂ’ ಎಂದೆ. ಮೊನ್ನೆ ಮತ್ತೆ ಮಾಡಿದಾಗ ದನಿ ಕೊಂಚ ಇಳಿದಿತ್ತು: “ಯಾವಾಗ ಕೊಡ್ತೀರಿ ಅಂದ್ರೆ ಮಾತೇ ಆಡಲ್ಲ ಕಣೋ. ಕೊಡ್ತಾರೆ ತಾನೇ?”

ನಿನ್ನೆ ಭಾವ ಅಂಗಡಿಗೆ ಬಂದು, ಸಡಿಲವೇ ಆಗಿರದ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಿಕೊಂಡರು. ಏನೋ ಹೇಳಲು ಬಾಯಿ ತೆರೆದರು. ದೋಣಿಕಟ್ಟೆಯ ಆ ಹೆಂಗಸಿನಂತೆ ಹಾಗೇ ನಿಂತರು. ಕೊನೆಗೆ, “ಇದೂ ಒಂಚೂರು ನೋಡಯ್ಯ” ಎಂದು ಜೇಬಿನಿಂದ ಓದುವ ಕನ್ನಡಕವನ್ನು ತೆಗೆದು ಕೊಟ್ಟು ಹೋದರು. ಅದರಲ್ಲಿಯೂ ಯಾವ ದೋಷವಿಲ್ಲ. ಶನಿವಾರ ಒಯ್ಯುತ್ತಾರೆ.

ಆದ್ದರಿಂದ ಇಂದು ಬೆಳಗ್ಗೆ ಹೀಗೆ ನಿಶ್ಚಯಿಸಿದ್ದೇನೆ. ಎದುರಿನ ಪುಸ್ತಕದಂಗಡಿಯ ಗಾಜಿನೊಳಗೆ ಮೂರನೆಯ ಸಂಪುಟ ನಾನು ಕೂತಲ್ಲಿಂದಲೇ ಕಾಣುತ್ತದೆ. ಅದನ್ನು ನಾನೇ ಕೊಂಡು, ಮೊದಲ ಪುಟವನ್ನೂ ತೆರೆಯದೆ, ಕಾಗದ ಸುತ್ತಿ, ಭಾವನ ಕನ್ನಡಕದ ಜೊತೆ ಒಂದೇ ಚೀಲದಲ್ಲಿಟ್ಟು, ಏನೂ ಹೇಳದೆ ಅವರ ಕೈಗೆ ಕೊಡುವುದು. ಭಾನುವಾರ ಅವರಿಬ್ಬರನ್ನು ಊಟಕ್ಕೆ ಕರೆಯುವುದು. ಅಕ್ಕನ ಎದುರಿನಲ್ಲಿ ಅವರು ಅದನ್ನು ನನಗೆ ಕೊಟ್ಟಾಗ, ನನ್ನ ಜೀವನದಲ್ಲಿ ಮೊದಲ ಬಾರಿಗೆ, ‘ತುಂಬಾ ಚೆನ್ನಾಗಿದೆ’ ಎಂದು ಮನಸಾರೆ ಹೇಳುವುದು. ಉಳಿದ ಐದು ‘ದಾರಿಯಲ್ಲಿವೆ’ ಎಂದರಾಯಿತು. ಆ ಮಾತನ್ನು ತಮ್ಮಿಂದಲೇ ಕಲಿತಿದ್ದೇನೆ. ಪುಸ್ತಕ ಇನ್ನೂ ಗಾಜಿನೊಳಗೇ ಇದೆ. ನಾನಿನ್ನೂ ಎದ್ದಿಲ್ಲ.

ಇತಿ, ತಮ್ಮ ವಿಶ್ವಾಸಿ, ಮತ್ತು ತಮ್ಮ ದಾಖಲೆಯ ಪ್ರಕಾರ ತನಗೆ ತಾನೇ ಅಪರಿಚಿತ,
ಕನ್ನಡಕದವನು

ಮರೆತ ಮಾತು: ಪತ್ರ ಬಹಿರಂಗವಾದರೂ ಚಿಂತೆಯಿಲ್ಲ, ನಾನು ಬರೆದದ್ದನ್ನು ನಮ್ಮ ಮನೆಯವರು ಯಾರೂ ಓದುವುದಿಲ್ಲ. ‘ನಿಮಗೆ ಮ್ಯಾಟುಗಳೆಂದರೆ ಪ್ರಾಣವೆಂದು ತಿಳಿಯಿತು, ಇಗೋ ಇನ್ನೂ ನಲವತ್ತು’ ಎಂಬ ತಮ್ಮ ಇಂದಿನ ಸಂದೇಶ ತಲುಪಿದೆ. ತಮ್ಮ ಕಚೇರಿಗೆ ಬಾಗಿಲೆಂಬುದೊಂದು ಇದ್ದರೆ ವಿಳಾಸ ತಿಳಿಸಬೇಕು, ಬಂದ ಒಂಬತ್ತರಲ್ಲಿ ಎಂಟನ್ನು ಕಳಿಸುತ್ತೇನೆ. ಕಳಿಸಿದವರ ಹೆಸರನ್ನು ತಮಗೆ ಹೇಳಲಾಗುವುದಿಲ್ಲ.