ಅತ್ತೆಯ ಎಪ್ಪತ್ತು ಮತ್ತು ನನ್ನ ಮಾಘಮಾಸ

ಸೆಪ್ಟೆಂಬರ್ ಎಂದರೆ ಲ್ಯಾಟಿನ್ ಲೆಕ್ಕದಲ್ಲಿ ಏಳನೆಯದು. ಆದರೆ ಅದು ಒಂಬತ್ತನೆಯ ತಿಂಗಳು. ಯಾಕೆ? ಹಳೆಯ ರೋಮಿನಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚಿನಲ್ಲಿ! ಇದನ್ನು ಓದಿದ ದಿನವೇ ನನಗೆ ಕ್ಯಾಲೆಂಡರಿನ ಹುಚ್ಚು ಹಿಡಿಯಿತು. ದೆಹಲಿಯ ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಫ್ಲ್ಯಾಟಿನಲ್ಲಿ ನನ್ನ ಭಾಷಣ ಕೇಳದೆ ಯಾರೂ ಊಟದಿಂದ ಏಳುವಂತಿರಲಿಲ್ಲ.

"ಒಬ್ಬ ಪೋಪ್ ಹತ್ತು ದಿನಾನೇ ಎತ್ತಿಹಾಕಿದ, ಗೊತ್ತಾ? ಜನ ಅಕ್ಟೋಬರ್ ನಾಲ್ಕಕ್ಕೆ ಮಲಗಿ ಹದಿನೈದಕ್ಕೆ ಎದ್ದರು!"

"ಅಷ್ಟೂ ದಿನ ಸ್ಕೂಲ್ ಛುಟ್ಟಿನಾ ಪಪ್ಪಾ?" ಎಂದಳು ಮಗಳು ಅನು.

"ಪೋಪ್ ಹಾಗಿರಲಿ ರೀ," ಎಂದಳು ಹೆಂಡತಿ ಸುಮಾ. "ಅಮ್ಮನಿಗೆ ಈ ಮಾಘ ಬಹುಳ ಪಂಚಮಿಗೆ ಎಪ್ಪತ್ತು ತುಂಬುತ್ತೆ. ಮದುವೆಯಾದ ಮೇಲೆ ಒಂದು ಸಲಾನೂ ಅವಳ ಹುಟ್ಟಿದ ದಿನ ನಾನು ಜೊತೆಗಿಲ್ಲ. ಇಲ್ಲಿಗೇ ಕರೆಸಿ, ಹೇಳದೆ ಮಾಡೋಣ. ಯಾವ ತಾರೀಖು ಬರುತ್ತೆ ನೋಡಿ."

ಅವಳ ದನಿ ಕೇಳಿ ತಾರೀಖು ಹುಡುಕಲು ಆಗಲೇ ಎದ್ದೆ. ಮೈಸೂರಿನಿಂದ ಅತ್ತೆ ವರ್ಷವರ್ಷ ಕಳಿಸುವ ಕನ್ನಡ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲ. ರೋಮನ್ನೇ ಅರೆದು ಕುಡಿದವನಿಗೆ ಅದೊಂದು ಅಡ್ಡಿಯೇ? ಮಾರ್ಕೆಟ್ಟಿನ ಭಯ್ಯಾನಿಂದ ಹಿಂದಿ ಕ್ಯಾಲೆಂಡರ್ ತಂದೆ. ಮಾಘ, ಕೃಷ್ಣ ಪಕ್ಷ, ಪಂಚಮಿ. ಕೃಷ್ಣ ಪಕ್ಷವೆಂದರೆ ಬಹುಳವೇ ತಾನೇ! ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

"ಯಾವುದಕ್ಕೂ ತಿಳಿದವರನ್ನ ಒಂದು ಮಾತು ಕೇಳಿ," ಎಂದಳು ಸುಮಾ.

"ತಿಳಿದವನು ನಾನೇ ಇದ್ದೀನಲ್ಲ!"

ಆ ದಿನ ಅತ್ತೆಯ ರೈಲು ಮಂಜಿನಲ್ಲಿ ಸಿಕ್ಕಿ ತಡವಾಗಿ ಬಂತು. ಹೋಳಿಗೆ ತಯಾರಿತ್ತು, ಅಕ್ಕಪಕ್ಕದವರೆಲ್ಲ ಸೇರಿದ್ದರು. ಶಾಲು ಬಿಚ್ಚುವ ಮೊದಲೇ ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದೆವು.

"ಅಳಿಯಂದ್ರೇ, ಏನಿದೆಲ್ಲ?"

"ನಿಮ್ಮ ಎಪ್ಪತ್ತು, ಅತ್ತೆ! ಮಾಘ ಬಹುಳ ಪಂಚಮಿ!"

ಅತ್ತೆ ಚೀಲದಿಂದ ಕನ್ನಡ ಕ್ಯಾಲೆಂಡರ್ ತೆಗೆದರು. ಈ ಸಲ ಕೈಯಲ್ಲೇ ತಂದಿದ್ದರು! "ಇವತ್ತು ಪುಷ್ಯ ಬಹುಳ ಪಂಚಮಿ ಕಣಪ್ಪಾ. ನನ್ನದು ಇನ್ನೂ ಒಂದು ತಿಂಗಳಿದೆ."

ಸುಮಾ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿದ್ದು ನನಗೆ ಕಾಣಲೇ ಇಲ್ಲ. ನಾನು ಎರಡೂ ಕ್ಯಾಲೆಂಡರ್‌ಗಳನ್ನು ಅಕ್ಕಪಕ್ಕ ಹಿಡಿದು, "ಅರೆ! ಪಂಚಮಿ ಒಂದೇ, ತಿಂಗಳು ಮಾತ್ರ ಬೇರೆ! ಯಾಕೆ?" ಎಂದು ಕುಣಿಯುತ್ತಿದ್ದೆ.

ಮೇಲ್ಮನೆಯ ತಿವಾರಿಜಿ ಹೋಳಿಗೆ ಜಗಿಯುತ್ತಾ ಹಿಂದಿಯಲ್ಲಿ ಗುಟ್ಟು ಬಿಚ್ಚಿದರು. ಅವರ ಉತ್ತರದ ಕಡೆ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮ್ಮಲ್ಲಿ ಅಮಾವಾಸ್ಯೆಗೆ. ಹಾಗಾಗಿ ಬಹುಳದ ಹದಿನೈದು ದಿನ ಅವರದು ಮುಂದಿನ ತಿಂಗಳು! ರೋಮಿನ ತನಕ ಹೋದವನಿಗೆ ಮೇಲ್ಮನೆಯ ತಿಂಗಳು ಗೊತ್ತಿರಲಿಲ್ಲ.

"ಪೋಪ್ ಹತ್ತು ದಿನ ತಿಂದ, ಪಪ್ಪಾ ಪೂರಾ ಮಹೀನಾ!" ಎಂದಳು ಅನು.

ಅತ್ತೆ ಮಗಳ ಕಣ್ಣೊರೆಸಿದರು. "ಅಳಬೇಡ ಸುಮಿ. ನಿಜವಾದ ಪಂಚಮಿವರೆಗೂ ಇಲ್ಲೇ ಇರ್ತೀನಿ, ಆಯ್ತಾ?"

ಅಮ್ಮ ಇಡೀ ತಿಂಗಳು ಜೊತೆಗೆ ಸಿಕ್ಕು ಸುಮಾ ಗೆದ್ದಳು. ತಿಂಗಳಾದ ಮೇಲೆ ಹೋಳಿಗೆ ಮತ್ತೆ ಆಯಿತು. ತಿವಾರಿಜಿ ಮಾತ್ರ ಬರುವ ಮೊದಲು ಫೋನ್ ಮಾಡಿ, "ತಾರೀಖು ನೋಡಿದ್ದು ಯಾರು?" ಎಂದು ಕೇಳಿಕೊಂಡೇ ಬಂದರು. ಈಗ ನಾನು ಇವತ್ತು ಸೋಮವಾರ ಎಂದರೂ, ಮನೆಯಲ್ಲಿ ಎಲ್ಲರೂ ಒಮ್ಮೆ ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಾರೆ.